ನಿವೃತ್ತಿಯ ನಂತರ ವರ್ಷಕ್ಕೆ ಎಷ್ಟು ಆದಾಯ ಬೇಕು? ದಾವಣಗೆರೆ, ಚಿತ್ರದುರ್ಗದ ಮನೆಗಳಿಂದ ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್ಲರಿಗೂ ಹೊಂದುವ ಒಂದು ಮೊತ್ತ ಹೇಳಿಬಿಡಬಹುದಲ್ಲ?

ಆಗುವುದಿಲ್ಲ. ಒಂದೇ ಬೀದಿಯಲ್ಲಿದ್ದು, ಒಂದೇ ಸಂಬಳಕ್ಕೆ ದುಡಿದು, ಒಂದೇ ವರ್ಷ ನಿವೃತ್ತರಾದ ಇಬ್ಬರಲ್ಲಿ ಒಬ್ಬರಿಗೆ ಮೂರೂವರೆ ಲಕ್ಷ ಸಾಕಾಗಬಹುದು, ಇನ್ನೊಬ್ಬರಿಗೆ ಏಳು ಲಕ್ಷವೂ ಸಾಲದೆ ಹೋಗಬಹುದು. ಸ್ವಂತ ಮನೆ ಇದೆಯೇ, ಸಾಲ ತೀರಿದೆಯೇ, ಮನೆಯಲ್ಲಿ ದೀರ್ಘಕಾಲದ ಕಾಯಿಲೆ ಇದೆಯೇ, ಮಕ್ಕಳ ಮದುವೆ ಬಾಕಿ ಇದೆಯೇ ಎಂಬುದರ ಮೇಲೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಮೊತ್ತ ನಿಮ್ಮ ಮನೆಯ ಖರ್ಚಿನಿಂದಲೇ ಹೊರಬರಬೇಕು.

ಕೊನೆಯ ಸಂಬಳದ ಶೇ 70 ಇದ್ದರೆ ಸಾಕು ಅಂತಾರೆ. ನಿಜವೇ?

ಅದು ಅಮೆರಿಕದ ಸಲಹೆಗಾರರ ನಡುವೆ ಬಳಕೆಗೆ ಬಂದ ಅಂದಾಜು. ಸಂಬಳದಲ್ಲಿ ಮನೆಸಾಲದ ಕಂತು, ಮಕ್ಕಳ ಶುಲ್ಕ, ಪಿಎಫ್ ಕಡಿತ ಹೋಗಿ ಉಳಿದದ್ದರಲ್ಲಿ ಬದುಕುತ್ತಿದ್ದವರಿಗೆ ಶೇ 50 ಸಾಕಾದೀತು. ಸಂಬಳವೇ ಕಡಿಮೆ ಇದ್ದು ಪೂರ್ತಿ ಖರ್ಚಾಗುತ್ತಿದ್ದ ಗಿರಣಿ ಕಾರ್ಮಿಕರ ಮನೆಗೆ ಶೇ 100 ಇದ್ದರೂ ಬಿಗಿಯೇ, ಏಕೆಂದರೆ ನಿವೃತ್ತಿಯಾದ ಮೇಲೆ ಔಷಧಿಯ ಖರ್ಚು ಏರುತ್ತದೆ. ಸಂಬಳದಿಂದ ಲೆಕ್ಕ ಶುರು ಮಾಡಲೇಬೇಡಿ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು?

ಕಳೆದ 12 ತಿಂಗಳ ಬ್ಯಾಂಕ್ ಪಾಸ್‌ಪುಸ್ತಕ, ಫೋನ್‌ಪೇ ಅಥವಾ ಗೂಗಲ್‌ಪೇ ಪಟ್ಟಿ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕ, ಬೆಸ್ಕಾಂ ಬಿಲ್ಲು, ಔಷಧಿ ಅಂಗಡಿಯ ರಸೀದಿ ಎಲ್ಲವನ್ನೂ ಒಂದು ಕಡೆ ಇಡಿ. ಮನೆಯ ಹಣಕಾಸು ನೋಡುವವರು ಯಾರೋ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೆಚ್ಚಿನ ಮನೆಗಳಲ್ಲಿ ಹಾಲು, ತರಕಾರಿ, ಹಬ್ಬದ ಖರ್ಚು ಹೆಂಡತಿಗೆ ಗೊತ್ತಿರುತ್ತದೆ, ವಾಹನ, ವಿಮೆ, ಕಂದಾಯ ಗಂಡನಿಗೆ. ಒಬ್ಬರೇ ಕೂತು ಬರೆದರೆ ಅರ್ಧ ಬಿಟ್ಟುಹೋಗುತ್ತದೆ.

ಖರ್ಚನ್ನು ಮೂರು ಕಂಬಸಾಲಿನಲ್ಲಿ ಬರೆಯಿರಿ: ತಿಂಗಳು ತಿಂಗಳು ಬರುವುದು, ವರ್ಷಕ್ಕೊಮ್ಮೆ ಬರುವುದು, ಕೆಲವು ವರ್ಷಕ್ಕೊಮ್ಮೆ ಬರುವುದು. ಮೂರನೆಯದನ್ನು ಎಷ್ಟು ವರ್ಷಕ್ಕೊಮ್ಮೆ ಬರುತ್ತದೋ ಅಷ್ಟರಿಂದ ಭಾಗಿಸಿ ವರ್ಷದ ಪಾಲು ತೆಗೆಯಿರಿ.

ತಿಂಗಳ ಖರ್ಚನ್ನು 12ರಿಂದ ಗುಣಿಸಿದರೆ ಸಾಲದೇ?

ಸಾಲದು. ಹೆಚ್ಚು ಜನ ಎಡವುವುದು ಇಲ್ಲೇ. ಒಂದು ಉದಾಹರಣೆ ನೋಡಿ. ದಾವಣಗೆರೆಯಲ್ಲಿ ಸಾಲವಿಲ್ಲದ ಸ್ವಂತ ಮನೆ ಇರುವ, 60 ವರ್ಷದ ಆಸುಪಾಸಿನ ದಂಪತಿ ಎಂದಿಟ್ಟುಕೊಳ್ಳಿ. ಅಂಕಿಗಳು ಲೆಕ್ಕದ ದಾರಿ ತೋರಿಸಲಿಕ್ಕಷ್ಟೇ, ನಿಮ್ಮವನ್ನು ನೀವು ಹಾಕಿಕೊಳ್ಳಿ.

ತಿಂಗಳ ಖರ್ಚು: ದಿನಸಿ, ಹಾಲು, ತರಕಾರಿ 11,000. ಗ್ಯಾಸ್, ಕರೆಂಟು, ನೀರು, ಫೋನು, ಟಿವಿ 3,500. ಪೆಟ್ರೋಲು, ಆಟೋ 2,500. ಮನೆಗೆಲಸದವರ ಸಂಬಳ 2,000. ಬಿಪಿ, ಶುಗರ್ ಮಾತ್ರೆ 3,000. ಪತ್ರಿಕೆ, ಹೂವು, ಚಿಲ್ಲರೆ ಖರ್ಚು 2,000. ಒಟ್ಟು 24,000, ವರ್ಷಕ್ಕೆ 2,88,000.

ವರ್ಷಕ್ಕೊಮ್ಮೆ ಬರುವುದು: ಇಬ್ಬರ ಆರೋಗ್ಯ ವಿಮೆ 50,000. ಮನೆ ಕಂದಾಯ, ವಾಹನದ ವಿಮೆ, ಸರ್ವಿಸ್ 14,000. ಹಬ್ಬ, ಜಾತ್ರೆ, ಬಟ್ಟೆ 30,000. ಮದುವೆ, ಗೃಹಪ್ರವೇಶಗಳ ಮುಯ್ಯಿ ಮತ್ತು ಓಡಾಟ 24,000. ಮಕ್ಕಳ ಊರಿಗೆ, ಯಾತ್ರೆಗೆ 25,000. ರಕ್ತ ಪರೀಕ್ಷೆ, ಹಲ್ಲು, ಕನ್ನಡಕ 15,000. ಒಟ್ಟು 1,58,000.

ಕೆಲವು ವರ್ಷಕ್ಕೊಮ್ಮೆ ಬರುವುದು: ಆರು ವರ್ಷಕ್ಕೊಮ್ಮೆ ಸುಣ್ಣಬಣ್ಣ 90,000 ಎಂದರೆ ವರ್ಷದ ಪಾಲು 15,000. ಹತ್ತು ವರ್ಷಕ್ಕೊಮ್ಮೆ ಸ್ಕೂಟರ್ ಒಂದು ಲಕ್ಷ ಎಂದರೆ 10,000. ಫ್ರಿಜ್, ವಾಷಿಂಗ್ ಮೆಷಿನ್, ಬೋರ್‌ವೆಲ್ ಮೋಟರ್, ಸೋರುವ ತಾರಸಿಯ ರಿಪೇರಿಗೆ 12,000. ಒಟ್ಟು 37,000.

ಮೂರೂ ಕೂಡಿದರೆ 4,83,000. ಮರೆತುಹೋದದ್ದಕ್ಕೆ ಶೇ 5 ಸೇರಿಸಿದರೆ ಸುಮಾರು 5,07,000, ಸುಲಭಕ್ಕೆ 5,10,000. ಅಂದರೆ ತಿಂಗಳಿಗೆ 42,500. «ನಮಗೆ ತಿಂಗಳಿಗೆ 24 ಸಾವಿರ ಸಾಕು» ಎನ್ನುವ ಮನೆಗೆ ನಿಜವಾಗಿ ಬೇಕಾಗಿದ್ದು 42 ಸಾವಿರದ ಮೇಲೆ. ಸಂಬಳವಿದ್ದಾಗ ಈ ವ್ಯತ್ಯಾಸ ಬೋನಸ್ಸಿನಲ್ಲೋ ರಜೆ ನಗದಿನಲ್ಲೋ ಮುಚ್ಚಿಹೋಗುತ್ತಿತ್ತು.

ಜಾತ್ರೆಯ ಖರ್ಚನ್ನು ಸಣ್ಣದೆಂದು ಬಿಡಬೇಡಿ. ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆ ವಾರ ಬೀಗರು, ನೆಂಟರು ಎಲ್ಲ ಮನೆಗೆ ಬರುತ್ತಾರೆ, ಊಟ, ಸೀರೆ, ಕುಪ್ಪಸದ ಖರ್ಚು ಒಂದೇ ಸಲ ಬಂದು ಬೀಳುತ್ತದೆ. ಅದರ ಅರ್ಧವನ್ನು ಪ್ರತಿ ವರ್ಷದ ಲೆಕ್ಕಕ್ಕೆ ಹಾಕಿ. ನಾಯಕನಹಟ್ಟಿ ಜಾತ್ರೆ ಪ್ರತಿ ವರ್ಷ ಇರುವುದರಿಂದ ಆ ಭಾಗದವರು ಪೂರ್ತಿ ಹಾಕಬೇಕು.

ನಾವು ಅಂಗಡಿ ನಡೆಸುವವರು, ಸಂಬಳವೇ ಇಲ್ಲ. ನಮ್ಮ ಲೆಕ್ಕ ಹೇಗೆ?

ಅಂಗಡಿಯ ಲೆಕ್ಕದಲ್ಲಿ ಅಡಗಿ ಕುಳಿತ ಮನೆ ಖರ್ಚನ್ನು ಮೊದಲು ಹೊರಗೆ ತೆಗೆಯಿರಿ. ಫೋನ್ ಬಿಲ್ಲು, ಪೆಟ್ರೋಲು, ಅಂಗಡಿಯಿಂದ ಮನೆಗೆ ಬಂದ ಬೇಳೆ, ಎಣ್ಣೆ, ಗಲ್ಲಾದಿಂದ ಕೈಗೆ ಬಂದಷ್ಟು ತೆಗೆದ ಸಣ್ಣ ನೋಟು, ಮನೆಗೂ ಕೆಲಸ ಮಾಡಿಕೊಡುವ ಅಂಗಡಿಯ ಹುಡುಗ. ಇದೆಲ್ಲ ಅಂಗಡಿ ಮುಚ್ಚಿದ ದಿನದಿಂದ ದುಡ್ಡು ಕೊಟ್ಟು ಕೊಳ್ಳಬೇಕಾದದ್ದು. ಮೂರು ತಿಂಗಳು ಒಂದು ಪುಸ್ತಕ ಇಟ್ಟು, ಮನೆಗೆ ಹೋದ ಪ್ರತಿಯೊಂದು ಸಾಮಾನನ್ನೂ ಮಾರುವ ಬೆಲೆಗೆ ಬರೆಯಿರಿ.

ರೈತರಿಗೂ ಇದೇ ಮಾತು. ಹೊಲದ ಜೋಳ, ಗದ್ದೆಯ ಅಕ್ಕಿ, ಕೊಟ್ಟಿಗೆಯ ಹಾಲು ಇರುವವರೆಗೆ ಅದರ ಬೆಲೆ ಕಾಣುವುದಿಲ್ಲ. ಜಮೀನು ಮಕ್ಕಳ ಪಾಲಾದ ಮೇಲೂ ಕಾಳು ಮನೆಗೆ ಬರುತ್ತದೆಯೇ ಎಂಬುದನ್ನು ಈಗಲೇ ಬಾಯಿಬಿಟ್ಟು ಮಾತಾಡಿಕೊಳ್ಳುವುದು ಒಳ್ಳೆಯದು.

ಬೆಲೆ ಏರಿಕೆಗೆ ಎಷ್ಟು ಹಿಡಿಯಬೇಕು?

ರಿಸರ್ವ್ ಬ್ಯಾಂಕಿನ ಗುರಿ ಶೇ 4, ಎರಡು ಕಡೆಗೂ ಶೇ 2ರ ಸಡಿಲಿಕೆ. ಮನೆಯ ಲೆಕ್ಕಕ್ಕೆ ಶೇ 6 ಹಿಡಿಯುವುದು ಕ್ಷೇಮ. ಆ ದರದಲ್ಲಿ ಖರ್ಚು 12 ವರ್ಷಕ್ಕೆ ದುಪ್ಪಟ್ಟಾಗುತ್ತದೆ. ಮೇಲಿನ 5,10,000 ಹತ್ತನೆಯ ವರ್ಷಕ್ಕೆ ಸುಮಾರು 9,13,000 ಆಗುತ್ತದೆ, ಇಪ್ಪತ್ತನೆಯ ವರ್ಷಕ್ಕೆ 16,36,000. ನಿವೃತ್ತಿಗೆ ಇನ್ನೂ 8 ವರ್ಷ ಇದ್ದರೆ ಮೊದಲ ವರ್ಷದ ಅಗತ್ಯವೇ 8,13,000.

ಆಸ್ಪತ್ರೆ, ಔಷಧಿ, ವಿಮೆ ಕಂತುಗಳನ್ನು ಬೇರೆ ಬರೆದುಕೊಂಡು ಅವಕ್ಕೆ ಶೇ 9 ಅಥವಾ 10 ಹಿಡಿಯಿರಿ. ವಯಸ್ಸಿನ ಗುಂಪು ದಾಟಿದಾಗೆಲ್ಲ ವಿಮೆಯ ಕಂತು ಮೆಟ್ಟಿಲು ಹತ್ತಿದಂತೆ ಏರುತ್ತದೆ.

ಯಾವ ಆದಾಯವನ್ನು ಗಟ್ಟಿ ಎಂದು ಎಣಿಸಬಹುದು?

ಪ್ರತಿ ಆದಾಯಕ್ಕೂ ಎರಡು ಪ್ರಶ್ನೆ ಕೇಳಿ: ಇದು ಜೀವನಪೂರ್ತಿ ಬರುತ್ತದೆಯೇ? ಬೆಲೆಯ ಜೊತೆ ಏರುತ್ತದೆಯೇ?

ಖಾಸಗಿ ನೌಕರರ ಇಪಿಎಸ್ (ಪಿಎಫ್ ಜೊತೆಗಿನ ನೌಕರರ ಪಿಂಚಣಿ ಯೋಜನೆ) ಪಿಂಚಣಿ ಜೀವನಪೂರ್ತಿ ಬರುತ್ತದೆ, ಆದರೆ ಏರುವುದಿಲ್ಲ. ಅದರ ಸೂತ್ರ: ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. 2014ರ ಸೆಪ್ಟೆಂಬರ್‌ನಿಂದ ಸಂಬಳದ ಮಿತಿ 15,000. ಹಾಗಾಗಿ ಆ ಮಿತಿಯಲ್ಲಿ 35 ವರ್ಷ ಲೆಕ್ಕಕ್ಕೆ ಸಿಕ್ಕಿದರೂ ತಿಂಗಳಿಗೆ 7,500. ಹಳೆಯ ಗಿರಣಿ, ಕಾರ್ಖಾನೆಗಳ ನೌಕರರಲ್ಲಿ ಹಲವರಿಗೆ ಎರಡು ಮೂರು ಸಾವಿರವಷ್ಟೇ ಬರುತ್ತದೆ. ಕನಿಷ್ಠ ಮೊತ್ತ 1,000. ನಿವೃತ್ತಿಗೆ ಕೆಲವು ವರ್ಷ ಮೊದಲೇ ಪಿಎಫ್ ಪಾಸ್‌ಪುಸ್ತಕ ತೆಗೆದು ನೋಡಿ. ಕೆಲಸ ಬದಲಿಸಿದಾಗ ಹಳೆಯ ಸೇವೆ ಹೊಸ ಖಾತೆಗೆ ಸೇರದಿದ್ದರೆ, ಹೆಸರು ಅಥವಾ ಹುಟ್ಟಿದ ದಿನಾಂಕ ಆಧಾರ್ ಜೊತೆ ತಾಳೆಯಾಗದಿದ್ದರೆ ಪಿಂಚಣಿ ಶುರುವಾಗಲು ತಿಂಗಳುಗಟ್ಟಲೆ ತಡವಾಗುತ್ತದೆ.

ಬಾಡಿಗೆ ಏರುತ್ತದೆ, ಆದರೆ ಮನೆ ಖಾಲಿ ಬೀಳುತ್ತದೆ. 12 ತಿಂಗಳ ಬದಲು 10 ತಿಂಗಳದ್ದನ್ನು ಎಣಿಸಿ: ಒಂದು ತಿಂಗಳು ಖಾಲಿಗೆ, ಒಂದು ತಿಂಗಳು ರಿಪೇರಿಗೆ. ದಾವಣಗೆರೆಯಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ಹುಡುಗರಿಗೆ ರೂಮು ಕೊಡುವವರು ರಜೆಯ ತಿಂಗಳುಗಳನ್ನೂ ಕಳೆಯಬೇಕು.

ಅಡಿಕೆ, ಮೆಕ್ಕೆಜೋಳ, ಶೇಂಗಾ ಆದಾಯವಿದ್ದರೆ ಕಳೆದ ಐದು ವರ್ಷಗಳಲ್ಲಿ ಅತಿ ಕಡಿಮೆ ಬಂದ ವರ್ಷದ ನಿವ್ವಳ ಮೊತ್ತ ಬರೆಯಿರಿ. ಸರಾಸರಿ ಬೇಡ. ಚನ್ನಗಿರಿ ಕಡೆ ಅಡಿಕೆ ದರ ಕುಸಿದ ವರ್ಷ, ಭದ್ರಾ ನಾಲೆಗೆ ಬೇಸಿಗೆಯ ನೀರು ಬಿಡದ ವರ್ಷ, ಚಳ್ಳಕೆರೆ ಕಡೆ ಮಳೆ ಕೈಕೊಟ್ಟ ವರ್ಷ, ಇವೆಲ್ಲ ನಿವೃತ್ತಿಯ ನಂತರವೂ ಬರುತ್ತವೆ. ಜಮೀನು ಲಾವಣಿಗೆ ಕೊಟ್ಟು ಹಣ ಬರುತ್ತದೆ ಎನ್ನುವವರು, ಭೂಸುಧಾರಣಾ ಕಾಯ್ದೆಯಡಿ ಕೃಷಿ ಜಮೀನನ್ನು ಗೇಣಿಗೆ ಕೊಡಲು ನಿರ್ಬಂಧ ಇರುವುದನ್ನು ಮರೆಯಬಾರದು. ಬಾಯಿಮಾತಿನ ಒಪ್ಪಂದದ ಹಣ ಗಟ್ಟಿ ಆದಾಯವಲ್ಲ.

ಗೃಹಲಕ್ಷ್ಮಿಯ 2,000, ಗೃಹಜ್ಯೋತಿಯ ಉಚಿತ ವಿದ್ಯುತ್, ಶಕ್ತಿಯ ಉಚಿತ ಬಸ್ಸು ಈಗ ಸಿಗುತ್ತಿದ್ದರೆ ಖಂಡಿತ ಪಡೆಯಿರಿ. ಆದರೆ 25 ವರ್ಷದ ಲೆಕ್ಕದಲ್ಲಿ ಸೇರಿಸಬೇಡಿ. ಆದಾಯ ಕಡಿಮೆ ಇರುವ 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಎಂಬ ವೃದ್ಧಾಪ್ಯ ಪಿಂಚಣಿ ಯೋಜನೆಯಲ್ಲಿ ತಿಂಗಳಿಗೆ 1,200 ಬರುತ್ತದೆ, ಅರ್ಜಿ ನಾಡಕಚೇರಿಯಲ್ಲಿ.

ಮಕ್ಕಳು ಕಳಿಸುವ ಹಣ? ಬಂದರೆ ಸಂತೋಷ. ಲೆಕ್ಕದಲ್ಲಿ ಸೊನ್ನೆ ಹಾಕಿ.

ಸರ್ಕಾರಿ ನೌಕರರಿಗೆ ಈ ತಲೆನೋವು ಇಲ್ಲವಲ್ಲ?

ಹಳೆಯ ಪಿಂಚಣಿಯವರಿಗೆ ತುಸು ಹಗುರ. ಪೂರ್ಣ ಅರ್ಹ ಸೇವೆ ಇದ್ದರೆ ಕೊನೆಯ ಮೂಲವೇತನದ ಅರ್ಧ ಸಿಗುತ್ತದೆ, ತುಟ್ಟಿಭತ್ಯೆಯೂ ಸೇರಿ ಏರುತ್ತಾ ಹೋಗುತ್ತದೆ. ಎರಡು ಕಡೆ ಎಚ್ಚರ ಬೇಕು. ಒಂದು, ಪಿಂಚಣಿಯ ಮೂರನೇ ಒಂದು ಭಾಗವನ್ನು ಪರಿವರ್ತಿಸಿ ಇಡಿಗಂಟು ತೆಗೆದುಕೊಂಡರೆ ಆ ಭಾಗ 15 ವರ್ಷ ಕಡಿತವಾಗುತ್ತದೆ. ಬಹಳ ಜನ ಪೂರ್ತಿ ಪಿಂಚಣಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಖರ್ಚು ಹಾಕುತ್ತಾರೆ. ಎರಡು, ನೌಕರರು ತೀರಿಹೋದ ಮೇಲೆ ಸಂಗಾತಿಗೆ ಬರುವ ಕುಟುಂಬ ಪಿಂಚಣಿ ಕಡಿಮೆ. ಮೂಲವೇತನ 60,000 ಇದ್ದರೆ ಪಿಂಚಣಿ 30,000, ಕುಟುಂಬ ಪಿಂಚಣಿ ಶೇ 30ರಂತೆ 18,000, ಭತ್ಯೆ ಬೇರೆ.

2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸರ್ಕಾರದ ಸೇವೆಗೆ ಸೇರಿ ಎನ್‌ಪಿಎಸ್‌ನಲ್ಲಿ (ಸಂಬಳದಿಂದ ಕಡಿತವಾದ ಹಣದ ಗಂಟಿನಿಂದ ಪಿಂಚಣಿ ಬರುವ ಹೊಸ ಪದ್ಧತಿ) ಇರುವವರ ಲೆಕ್ಕ ಖಾಸಗಿ ನೌಕರರದ್ದರ ಹಾಗೆಯೇ. ಗಂಟಿನ ಕನಿಷ್ಠ ಶೇ 40ರಿಂದ ವರ್ಷಾಶನ (ವಿಮಾ ಕಂಪನಿ ಜೀವನಪೂರ್ತಿ ಕೊಡುವ ಪಿಂಚಣಿ) ಕೊಳ್ಳಬೇಕು, ಸಾಮಾನ್ಯ ವರ್ಷಾಶನ ಬೆಲೆಯ ಜೊತೆ ಏರುವುದಿಲ್ಲ.

ಒಬ್ಬರು ತೀರಿಹೋದರೆ ಖರ್ಚು ಅರ್ಧವಾಗುತ್ತದೆಯೇ?

ಆಗುವುದಿಲ್ಲ. ಕರೆಂಟು, ಕಂದಾಯ, ಮನೆ ರಿಪೇರಿ, ಕೆಲಸದವರು ಎಲ್ಲ ಇದ್ದಷ್ಟೇ ಇರುತ್ತವೆ. ಇಬ್ಬರ ಖರ್ಚಿನ ಶೇ 65ರಿಂದ 70 ಉಳಿಯುತ್ತದೆ ಎಂದು ಹಿಡಿಯಿರಿ. ಆದಾಯ ಮಾತ್ರ ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿಯಬಹುದು. ಆದ್ದರಿಂದ ಎಲ್ಲ ಆದಾಯವನ್ನೂ ಎರಡು ಸಲ ಬರೆಯಿರಿ: ಇಬ್ಬರೂ ಇದ್ದಾಗ ಎಷ್ಟು, ಹೆಂಡತಿ ಒಬ್ಬರೇ ಉಳಿದರೆ ಎಷ್ಟು. ಎರಡನೆಯ ಮೊತ್ತ ಸಾಲದಿದ್ದರೆ ಗಂಟನ್ನು ಅದಕ್ಕೆ ತಕ್ಕಂತೆ ಕಟ್ಟಬೇಕು. ಖಾತೆಗಳು ಇಬ್ಬರಲ್ಲಿ ಯಾರು ಬೇಕಾದರೂ ನಡೆಸುವಂತೆ ಜಂಟಿಯಾಗಿರಲಿ, ನಾಮಿನಿ ಹೆಸರು ಪ್ರತಿಯೊಂದರಲ್ಲೂ ಇರಲಿ. ಇದು ಲೆಕ್ಕಕ್ಕಿಂತ ಮುಖ್ಯ.

ಎಲ್ಲ ಕಳೆದು ಉಳಿದ ಕೊರತೆಗೆ ಎಷ್ಟು ಗಂಟು ಬೇಕು?

ಮೇಲಿನ ದಂಪತಿಗೆ ಬೇಕಾದದ್ದು 5,10,000. ಇಪಿಎಸ್ ತಿಂಗಳಿಗೆ 3,500ರಂತೆ 42,000, ಮಹಡಿ ಮನೆಯ ಬಾಡಿಗೆ 7,000ದಂತೆ ಹತ್ತು ತಿಂಗಳಿಗೆ 70,000. ಕಳೆದರೆ ಕೊರತೆ 3,98,000, ಅಂದರೆ ನಾಲ್ಕು ಲಕ್ಷ.

ಕೊರತೆಯನ್ನು ಎಷ್ಟರಿಂದ ಗುಣಿಸಬೇಕು ಎನ್ನುವುದು ಹಣ ಎಷ್ಟು ವರ್ಷ ಬಾಳಬೇಕು ಎಂಬುದರ ಮೇಲಿದೆ. ಬೆಲೆ ಏರಿಕೆಗಿಂತ ಶೇ 1 ಹೆಚ್ಚು ಗಳಿಕೆ ಬರುತ್ತದೆ ಎಂದು ಹಿಡಿದರೆ 20 ವರ್ಷಕ್ಕೆ 18 ಪಟ್ಟು, 25 ವರ್ಷಕ್ಕೆ 22 ಪಟ್ಟು, 30 ವರ್ಷಕ್ಕೆ 26 ಪಟ್ಟು. 60ಕ್ಕೆ ನಿವೃತ್ತರಾಗುವ ದಂಪತಿ 30 ವರ್ಷ ಹಿಡಿಯಬೇಕು, ಇಬ್ಬರಲ್ಲಿ ಒಬ್ಬರು 90ರವರೆಗೆ ಬಾಳುವುದು ಈಗ ಅಪರೂಪವಲ್ಲ. 4 ಲಕ್ಷದ 26 ಪಟ್ಟು ಎಂದರೆ 1 ಕೋಟಿ 4 ಲಕ್ಷ.

ಗಂಟಿನ ಶೇ 4ನ್ನು ಮೊದಲ ವರ್ಷ ತೆಗೆದು, ಮುಂದೆ ಬೆಲೆ ಏರಿದಷ್ಟು ಏರಿಸಿಕೊಂಡು ಹೋಗುವ ಸೂತ್ರವನ್ನೂ ನೀವು ಕೇಳಿರಬಹುದು. ಅದು 1994ರಲ್ಲಿ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಅಮೆರಿಕದ ಷೇರು, ಬಾಂಡುಗಳ ಹಳೆಯ ಅಂಕಿಗಳಿಂದ ತೆಗೆದದ್ದು. ನಮ್ಮಲ್ಲಿ ಬೆಲೆ ಏರಿಕೆ ಹೆಚ್ಚು, ಹೆಚ್ಚಿನವರ ಹಣ ಠೇವಣಿಯಲ್ಲೇ ಇರುತ್ತದೆ. ಶೇ 3.5ಕ್ಕೆ ಇಳಿಸಿಕೊಳ್ಳಿ.

ಹಿರಿಯರ ಉಳಿತಾಯ ಯೋಜನೆಯಲ್ಲಿ 50 ಲಕ್ಷ ಇಟ್ಟರೆ ಬಡ್ಡಿಯೇ ನಾಲ್ಕು ಲಕ್ಷ ದಾಟುತ್ತದಲ್ಲ?

ಲೆಕ್ಕ ಸರಿ. 2023ರ ಏಪ್ರಿಲ್‌ನಿಂದ ಬಂದ ಶೇ 8.2ರ ದರದಲ್ಲಿ 50 ಲಕ್ಷಕ್ಕೆ ವರ್ಷಕ್ಕೆ 4,10,000. ಒಬ್ಬರಿಗೆ ಮಿತಿ 30 ಲಕ್ಷ, ಗಂಡ ಹೆಂಡತಿ ಇಬ್ಬರೂ 60 ದಾಟಿದ್ದರೆ ತಲಾ ಒಂದು ಖಾತೆ ತೆರೆಯಬಹುದು. ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ, ಇಟ್ಟ ದಿನದ ದರ ಐದು ವರ್ಷ ಬದಲಾಗುವುದಿಲ್ಲ. ಇದಕ್ಕಿಂತ ಭದ್ರವಾದದ್ದು ಹುಡುಕುವುದು ಕಷ್ಟ, ಪ್ರತಿ ನಿವೃತ್ತರ ಮನೆಯಲ್ಲೂ ಇದು ಇರಲೇಬೇಕು ಎಂಬುದು ನಮ್ಮ ಅಭಿಪ್ರಾಯ.

ತೊಂದರೆ ಇರುವುದು ಮುಂದಿನ ವರ್ಷಗಳಲ್ಲಿ. ಬಡ್ಡಿ ನಿಂತಲ್ಲೇ ನಿಲ್ಲುತ್ತದೆ, ಖರ್ಚು ಏರುತ್ತದೆ. ಎರಡನೆಯ ವರ್ಷದಿಂದಲೇ ಅಸಲಿಗೆ ಕೈ ಹಾಕಬೇಕಾಗುತ್ತದೆ. ದರ ಎಂದೆಂದೂ ಶೇ 8.2 ಇರುತ್ತದೆ, ಖರ್ಚು ಶೇ 6ರಂತೆ ಏರುತ್ತದೆ ಎಂದು ಹಿಡಿದರೂ 50 ಲಕ್ಷ ಸುಮಾರು 15 ವರ್ಷಕ್ಕೆ ಮುಗಿಯುತ್ತದೆ. ಆಗ ವಯಸ್ಸು 75, ಆಸ್ಪತ್ರೆ ಖರ್ಚು ಏರುವ ಕಾಲ.

ಅದಕ್ಕೇ ಗಂಟನ್ನು ಮೂರು ಪಾಲು ಮಾಡುವುದು. ಎರಡು ವರ್ಷದ ಕೊರತೆಯಷ್ಟು ಉಳಿತಾಯ ಖಾತೆ, ಸಣ್ಣ ಠೇವಣಿಗಳಲ್ಲಿ. ದೊಡ್ಡ ಪಾಲು ಹಿರಿಯರ ಯೋಜನೆ, ಅಂಚೆ ಕಚೇರಿಯ ತಿಂಗಳ ಆದಾಯ ಯೋಜನೆಯಲ್ಲಿ (ಅಲ್ಲಿ ಮಿತಿ ಒಬ್ಬರಿಗೆ 9 ಲಕ್ಷ, ಜಂಟಿಗೆ 15 ಲಕ್ಷ). ಉಳಿದ ಕಾಲು ಭಾಗದಷ್ಟು, ಕನಿಷ್ಠ ಏಳೆಂಟು ವರ್ಷ ಮುಟ್ಟಬೇಕಾಗದ ಹಣ, ಷೇರು ಸೂಚ್ಯಂಕದ ಮ್ಯೂಚುವಲ್ ಫಂಡಿನಲ್ಲಿ. ಮಾರುಕಟ್ಟೆ ಬಿದ್ದ ವರ್ಷ ಆ ಪಾಲನ್ನು ಮಾರದೆ ಮೊದಲ ಪಾಲಿನಿಂದ ಬದುಕಬೇಕು. ಈ ಶಿಸ್ತು ಇಲ್ಲದಿದ್ದರೆ ಷೇರಿನ ಪಾಲು ಇಡುವುದೇ ಬೇಡ.

ಊರಿನ ಸೊಸೈಟಿಯಲ್ಲಿ ಬಡ್ಡಿ ಹೆಚ್ಚು ಕೊಡುತ್ತಾರೆ. ಇಡಬಹುದೇ?

ಮೊದಲು ಅದು ಬ್ಯಾಂಕೋ ಸಂಘವೋ ನೋಡಿ. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬ ಠೇವಣಿದಾರರಿಗೆ ಅಸಲು ಬಡ್ಡಿ ಕೂಡಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಗೆ ಆ ವಿಮೆ ಇಲ್ಲ. ಪರಿಚಯದವರು ನಡೆಸುತ್ತಾರೆ, ಕಟ್ಟಡ ದೊಡ್ಡದಿದೆ ಎಂಬುದು ಭದ್ರತೆಯಲ್ಲ. ಶೇ 2 ಹೆಚ್ಚು ಬಡ್ಡಿಗೆ ನಿವೃತ್ತಿಯ ಗಂಟನ್ನು ಅಲ್ಲಿಡಬೇಡಿ. ಕೈಸಾಲ ಕೊಟ್ಟು ಬಡ್ಡಿ ತಿನ್ನುವ ಯೋಚನೆಯೂ ಬೇಡ. ವಸೂಲಿಗೆ ಓಡಾಡುವ ವಯಸ್ಸು ಅದಲ್ಲ.

ಆಸ್ಪತ್ರೆಗೆ ವಿಮೆ ಇದ್ದರೆ ಬೇರೆ ಹಣ ಬೇಕೇ?

ಬೇಕು. ವಿಮೆ ಕೊಡದ ಖರ್ಚು ಬಹಳ: ಜೊತೆಗಿರುವವರ ವಸತಿ, ಊಟ, ದಾವಣಗೆರೆಯಿಂದ 260 ಕಿಲೋಮೀಟರ್ ದೂರದ ಬೆಂಗಳೂರಿಗೋ ಮಣಿಪಾಲಕ್ಕೋ ಓಡಾಟ, ಮನೆಗೆ ಬಂದ ಮೇಲೆ ಆಯಾ, ಫಿಸಿಯೊಥೆರಪಿ. ವರ್ಷದ ಆದಾಯದ ಗಂಟಿಗೆ ಸೇರಿಸದೆ 3ರಿಂದ 5 ಲಕ್ಷ ಆಸ್ಪತ್ರೆಗೆಂದೇ ಎತ್ತಿಡಿ.

ವಿಮೆಯನ್ನು 55ರ ಹೊತ್ತಿಗೇ ಮಾಡಿಸಿ. ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು, ಆ ಅವಧಿ ಕೆಲಸದಲ್ಲಿರುವಾಗಲೇ ಕಳೆಯಲಿ. ಅರ್ಜಿಯಲ್ಲಿ ಶುಗರ್, ಬಿಪಿ ಮುಚ್ಚಿಡಬೇಡಿ, ಕ್ಲೇಮು ತಿರಸ್ಕಾರವಾಗಲು ಅದೇ ನೆಪವಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ ಕಂತಿಗೆ ಜಿಎಸ್‌ಟಿ ಇಲ್ಲ.

ಇಎಸ್‌ಐನಲ್ಲಿದ್ದು (ಕಾರ್ಮಿಕರ ರಾಜ್ಯ ವಿಮಾ ಯೋಜನೆ) ನಿವೃತ್ತರಾಗುವ ಕಾರ್ಮಿಕರು ಗಮನಿಸಿ: ಕನಿಷ್ಠ ಐದು ವರ್ಷ ವಿಮಾ ಸೇವೆ ಇದ್ದು ನಿವೃತ್ತಿ ವಯಸ್ಸಿಗೆ ಹೊರಬಂದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಸಂಗಾತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಸಬಹುದು. ಇದನ್ನು ತಿಳಿಯದೆ ಬಿಟ್ಟವರು ತುಂಬಾ ಜನ.

ತೆರಿಗೆ?

ಹೊಸ ಪದ್ಧತಿಯಲ್ಲಿ 2025–26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ, ಷೇರು ಮಾರಾಟದ ಲಾಭದಂಥ ವಿಶೇಷ ದರದವು ಬೇರೆ. ಈ ಲೆಕ್ಕದ ಮನೆಗಳಿಗೆ ತೆರಿಗೆ ಸೊನ್ನೆ. ಆದರೂ ಒಂದು ಬ್ಯಾಂಕಿನ ಬಡ್ಡಿ ವರ್ಷಕ್ಕೆ ಒಂದು ಲಕ್ಷ ದಾಟಿದರೆ ಮೂಲದಲ್ಲೇ ಕಡಿತ ಮಾಡುತ್ತಾರೆ. ತೆರಿಗೆ ಬರುವುದಿಲ್ಲ ಎಂಬ ಘೋಷಣಾ ಪತ್ರವನ್ನು ಏಪ್ರಿಲ್‌ನಲ್ಲೇ ಪ್ರತಿ ಶಾಖೆಗೂ ಕೊಡಿ.

ಲೆಕ್ಕ ಹಾಕಿದೆವು, ಗಂಟು ಸಾಲುತ್ತಿಲ್ಲ. ಏನು ಮಾಡಬೇಕು?

ಮೊದಲು ಗಾಬರಿ ಬೇಡ, ಹೆಚ್ಚಿನ ಮನೆಗಳ ಲೆಕ್ಕ ಮೊದಲ ಸಲ ಹೀಗೇ ಬರುತ್ತದೆ. ಉಪಯೋಗ ಹೆಚ್ಚು ಇರುವ ದಾರಿ, ಮೊದಲ ಐದಾರು ವರ್ಷ ಸ್ವಲ್ಪ ದುಡಿಯುವುದು. ಲೆಕ್ಕ ಬರೆಯುವ ಕೆಲಸ, ಟ್ಯೂಷನ್, ಹೊಲಿಗೆ, ಗೋದಾಮಿನ ಉಸ್ತುವಾರಿ, ಯಾವುದರಿಂದಲಾದರೂ ವರ್ಷಕ್ಕೆ ಎರಡು ಲಕ್ಷ ಬಂದರೆ ಐದು ವರ್ಷದಲ್ಲಿ ಹತ್ತು ಲಕ್ಷ ಗಂಟಿನಲ್ಲೇ ಉಳಿಯುತ್ತದೆ, ಅದರ ಬಡ್ಡಿಯೂ ಸೇರುತ್ತದೆ.

ಎರಡನೆಯದು, ಖಾಲಿ ಸೈಟು. ತೆರಿಗೆ ಕಟ್ಟಿಸಿಕೊಂಡು ಸುಮ್ಮನೆ ಬಿದ್ದಿರುವ ಸೈಟು ಅನ್ನ ಹಾಕುವುದಿಲ್ಲ. ಮಕ್ಕಳಿಗಿರಲಿ ಎಂದು ಇಟ್ಟುಕೊಂಡು ತಾವು ಔಷಧಿಗೆ ಪರದಾಡುವುದಕ್ಕಿಂತ, ಮಾರಿ ಗಂಟಿಗೆ ಸೇರಿಸುವುದು ಮಕ್ಕಳಿಗೂ ಹಿತ. ಮೂರನೆಯದು, ಪಿಎಫ್ ಹಣದಲ್ಲಿ ಮದುವೆಯನ್ನು ಅದ್ದೂರಿಯಾಗಿ ಮಾಡದಿರುವುದು. ಮದುವೆಗೆ ಹೋದ ಹತ್ತು ಲಕ್ಷವೆಂದರೆ, ಶೇ 3.5ರ ಲೆಕ್ಕದಲ್ಲಿ, ವರ್ಷಕ್ಕೆ 35,000ದ ಆದಾಯ ಶಾಶ್ವತವಾಗಿ ಹೋದಂತೆ. ದಿನಸಿಯಲ್ಲಿ ಹಿಡಿತ ಮಾಡಲು ಹೋಗಬೇಡಿ, ಅಲ್ಲಿ ಉಳಿಯುವುದು ಕಡಿಮೆ, ಕೆಡುವುದು ಆರೋಗ್ಯ. ಔಷಧಿಗೆ ಮಾತ್ರ ಜನೌಷಧಿ ಕೇಂದ್ರದಲ್ಲಿ ಅದೇ ಅಂಶದ ಮಾತ್ರೆ ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಿ, ತಿಂಗಳ ಬಿಲ್ಲು ಗಣನೀಯವಾಗಿ ಇಳಿಯುತ್ತದೆ.

ಈ ಲೆಕ್ಕವನ್ನು ಎಷ್ಟು ದಿನಕ್ಕೊಮ್ಮೆ ನೋಡಬೇಕು?

ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ. ಘೋಷಣಾ ಪತ್ರ ಕೊಡುವುದು ಆಗಲೇ, ಮನೆ ಕಂದಾಯಕ್ಕೆ ಶೇ 5 ರಿಯಾಯಿತಿ ಸಿಗುವುದೂ ಆ ತಿಂಗಳೇ. ಹಿಂದಿನ ವರ್ಷ ನಿಜವಾಗಿ ಎಷ್ಟು ಖರ್ಚಾಯಿತು, ಗಂಟು ಎಷ್ಟಿದೆ, ಖರ್ಚಿನ ಕೊರತೆ ಗಂಟಿನ ಶೇ ಎಷ್ಟು ಎಂದು ಮೂರು ಸಾಲು ಬರೆಯಿರಿ. 70ಕ್ಕೆ ಮೊದಲೇ ಅದು ಶೇ 5 ದಾಟಿದರೆ ಯಾತ್ರೆ, ಮುಯ್ಯಿ, ಹೊಸ ವಾಹನದಂಥವನ್ನು ಒಂದೆರಡು ವರ್ಷ ಹಿಂದೆ ತಳ್ಳಿ. ಸರ್ಕಾರಿ ಪಿಂಚಣಿದಾರರು ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕು. ಇಪಿಎಸ್‌ನವರು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಅದು ಅಲ್ಲಿಂದ 12 ತಿಂಗಳು ನಡೆಯುತ್ತದೆ. ಮರೆತರೆ ಪಿಂಚಣಿ ನಿಲ್ಲುತ್ತದೆ, ಕೊಟ್ಟ ಮೇಲೆ ಬಾಕಿ ಸಮೇತ ಬರುತ್ತದೆ. ಬೆರಳಚ್ಚು ತಾಗದ ಹಿರಿಯರು ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ವಿಧಾನವನ್ನು ಮಕ್ಕಳಿಂದಲೋ ಮೊಮ್ಮಕ್ಕಳಿಂದಲೋ ಮಾಡಿಸಿಕೊಳ್ಳಬಹುದು.